ಮಗ್ಗುಲು ಬದಲಿಸುವ ಫೋನು

ಸ್ಮಾರ್ಟ್‌ಫೋನ್ ಇಟ್ಟುಕೊಂಡವರಲ್ಲಿ ಎರಡು ಪಂಗಡ. ಒಂದರ ದೂರು, "ಇದು ತಿರುಗೋದೇ ಇಲ್ಲ". ಇನ್ನೊಂದರ ದೂರು, "ಇದು ತಿರುಗೋದನ್ನ ನಿಲ್ಲಿಸೋದೇ ಇಲ್ಲ". ದ್ವೈತಕ್ಕೂ ಅದ್ವೈತಕ್ಕೂ ಬೇಕಾದರೆ ರಾಜಿ ಮಾಡಿಸಬಹುದು, ಇವೆರಡಕ್ಕೆ ಆಗದು. ಮೊದಲ ಪಂಗಡದವರು ಫೋನನ್ನು ಅಡ್ಡ ಹಿಡಿದು, ಕತ್ತನ್ನೂ ಅಡ್ಡ ಮಾಡಿಕೊಂಡು ಕೂತಿರುತ್ತಾರೆ. ಎರಡನೆಯವರು ಹಾಸಿಗೆಯಲ್ಲಿ ಮಗ್ಗುಲಾಗಿ ಮಲಗಿ, ಓದುತ್ತಿದ್ದ ಸಾಲು ಇದ್ದಕ್ಕಿದ್ದಂತೆ ಎದ್ದು ನಿಂತದ್ದಕ್ಕೆ ಫೋನನ್ನು ಬೈಯುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಎರಡು ಮತಕ್ಕೂ ಒಬ್ಬೊಬ್ಬ ಅನುಯಾಯಿ ಇದ್ದೇವೆ. ನಮ್ಮ ಮದುವೆಯ ಕಾಲದಲ್ಲಿ ಜಾತಕದಲ್ಲಿ ಇದನ್ನೆಲ್ಲ ನೋಡುವ ಪದ್ಧತಿ ಇರಲಿಲ್ಲ.

ನಮ್ಮ ಬೀದಿಯ ಈ ಎರಡೂ ಬಗೆಯ ರೋಗಿಗಳು ಬರುವುದು ನನ್ನ ಹತ್ತಿರ. ಅದಕ್ಕೆ ಕಾರಣ ನನ್ನ ವಿದ್ಯೆಯಲ್ಲ, ಬಿಡುವು. ಮಕ್ಕಳು ಆಫೀಸಿನಲ್ಲಿ, ಮೊಮ್ಮಕ್ಕಳು ಶಾಲೆಯಲ್ಲಿ; ಹಗಲು ಹನ್ನೊಂದು ಗಂಟೆಗೆ ಮನೆಯಲ್ಲಿ ಸಿಗುವ, ಕೇಳಿದ್ದಕ್ಕೆ ಇಲ್ಲ ಅನ್ನದ ಗಂಡಸು ನಾನೊಬ್ಬನೇ. ಜೊತೆಗೆ ಬ್ಯಾಂಕಿನಿಂದ ನಿವೃತ್ತನಾದವನು ಎಂಬ ಹೆಚ್ಚಿನ ಅರ್ಹತೆ ಬೇರೆ. "ಕಂಪ್ಯೂಟರ್ ಮುಂದೇನೇ ಕೂತಿದ್ದೋರು, ನಿಮಗೆ ಗೊತ್ತಿರುತ್ತೆ ಬಿಡಿ ಸಾರ್" ಎನ್ನುತ್ತಾರೆ. ನಾನು ಕೂತಿದ್ದು ಲಾಕರ್ ವಿಭಾಗದಲ್ಲಿ. ಅದನ್ನು ಹೇಳಿ ಅವರ ನಂಬಿಕೆಯನ್ನು ಕೆಡಿಸುವುದು ನನಗೆ ಸರಿಕಾಣುವುದಿಲ್ಲ.

ಅತಿ ಹೆಚ್ಚು ಬರುವ ರೋಗಿ ನಮ್ಮ ದೊಡ್ಡಮ್ಮ. ಅವರಿಗೆ ಯಕ್ಷಗಾನದ ಹುಚ್ಚು. ಹಿಂದೆ ಮೇಳ ಬಂದಾಗ ರಾತ್ರಿಯಿಡೀ ಚಾಪೆ ಹಾಸಿಕೊಂಡು ನೋಡಿದವರು, ಈಗ ಮಧ್ಯಾಹ್ನ ಊಟವಾದ ಮೇಲೆ ಯೂಟ್ಯೂಬಿನಲ್ಲಿ ನೋಡುತ್ತಾರೆ. ಫೋನನ್ನು ನೆಟ್ಟಗೆ ಹಿಡಿದರೆ ಆಟವೆಲ್ಲ ಮೇಲುಗಡೆ ಎರಡು ಬೆರಳಗಲದ ಪಟ್ಟಿಯೊಳಗೆ ನಡೆಯುತ್ತದೆ. "ಭೀಮ ಬಂದ್ರೂ ಅಷ್ಟೇ, ಅಭಿಮನ್ಯು ಬಂದ್ರೂ ಅಷ್ಟೇ ಕಾಣ್ತಾನಲ್ಲೋ, ಹ್ಯಾಗೆ ಗುರುತು ಹಿಡಿಯೋದು? ಇದನ್ನ ತಿರುಗಿಸಿ ಕೊಡು" ಎಂದು ಫೋನು ನೀಡಿದರು. ನಾನು ಪರದೆಯ ಮೇಲಂಚಿನಿಂದ ಬೆರಳನ್ನು ಕೆಳಕ್ಕೆಳೆದೆ. ಗುಂಡಿಗಳ ಸಾಲು ಇಳಿಯಿತು. ಟಾರ್ಚ್, ವೈಫೈ, ಏರೋಪ್ಲೇನ್ ಇವುಗಳ ನಡುವೆ ಬಾಗಿದ ಬಾಣಗಳಿದ್ದ ಪುಟ್ಟ ಫೋನಿನ ಚಿತ್ರ ಬೆಳಕಿಲ್ಲದೆ ಕೂತಿತ್ತು. ಮುಟ್ಟಿದೆ, ಹೊತ್ತಿಕೊಂಡಿತು. ಫೋನು ಅಡ್ಡವಾಯಿತು, ಭೀಮ ದೊಡ್ಡವನಾದ.

"ಏನು ಮಾಡ್ದೆ?"

"ಒಂದು ಗುಂಡಿ ಒತ್ತಿದೆ ದೊಡ್ಡಮ್ಮ, ಅಷ್ಟೇ."

"ಅಷ್ಟೇನಾ?" ಎಂದರು. ಆ ಒಂದು ಮಾತಿನಲ್ಲಿದ್ದ ನಿರಾಶೆಯನ್ನು ನಾನು ಮರೆತಿಲ್ಲ. ಎರಡು ದಿನ ಅನುಭವಿಸಿದ ಕಷ್ಟಕ್ಕೆ ಪರಿಹಾರ ಒಂದೇ ಗುಂಡಿ ಎಂದರೆ ಕಷ್ಟಕ್ಕೆ ಅವಮಾನವಾಗುತ್ತದೆ. ಅಂದಿನಿಂದ ನಾನು ಕೂಡಲೇ ಗುಂಡಿ ಒತ್ತುವುದಿಲ್ಲ. ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡುತ್ತೇನೆ. ಯಾವಾಗಿನಿಂದ ಹೀಗೆ, ಎಲ್ಲಾದರೂ ಬಿದ್ದಿತ್ತೇ, ಮಕ್ಕಳ ಕೈಗೆ ಕೊಟ್ಟಿದ್ದಿರಾ ಎಂದು ವಿಚಾರಿಸುತ್ತೇನೆ. ಕೊನೆಯ ಪ್ರಶ್ನೆಗೆ ಉತ್ತರ ಯಾವಾಗಲೂ ಹೌದು. ಮೊಮ್ಮಗ ಆಟವಾಡುವಾಗ ಆರಿಸಿರುತ್ತಾನೆ, ಅಜ್ಜಿಗೆ ಫೋನು ವಾಪಸು ಬರುವಾಗ ಬ್ಯಾಟರಿಯೂ ಇರುವುದಿಲ್ಲ, ತಿರುಗುವ ಶಕ್ತಿಯೂ ಇರುವುದಿಲ್ಲ. ನಾಲ್ಕು ಪ್ರಶ್ನೆಯ ನಂತರ ಗುಂಡಿ ಒತ್ತಿದರೆ ಎಲ್ಲರಿಗೂ ಸಮಾಧಾನ, ಕಾಫಿಯೂ ಬರುತ್ತದೆ.

ಈ ಗುಂಡಿಯನ್ನು ಹುಡುಕುವುದೂ ಕೆಲವೊಮ್ಮೆ ಸುಲಭವಲ್ಲ. ಕೆಲವು ಫೋನುಗಳಲ್ಲಿ ಅದು ಹೊತ್ತಿದ್ದಾಗ ಆಟೋ ರೊಟೇಟ್, ಆರಿಸಿದಾಗ ಹೆಸರೇ ಬದಲಾಗಿ ಪೋರ್ಟ್ರೇಟ್. ಆಟೋ ರೊಟೇಟ್ ಎಲ್ಲಿದೆ ಎಂದು ಹುಡುಕಿದವರಿಗೆ ಅದು ಬೇಕಾದ ಹೊತ್ತಿನಲ್ಲೇ ಸಿಗುವುದಿಲ್ಲ. ಐಫೋನಿನಲ್ಲಿ ಬೀಗದ ಸುತ್ತ ಬಾಣ ತಿರುಗುವ ಚಿತ್ರ, ಮತ್ತು ಲೆಕ್ಕ ತಲೆಕೆಳಗು: ಅಲ್ಲಿ ಹೊತ್ತಿದ್ದರೆ ತಿರುಗುವುದಿಲ್ಲ ಎಂದರ್ಥ, ಆರಿದ್ದರೆ ತಿರುಗುತ್ತದೆ. ಆಂಡ್ರಾಯ್ಡ್ ಬಿಟ್ಟು ಐಫೋನಿಗೆ ಹೋದ ಪಕ್ಕದ ಮನೆ ಮೇಷ್ಟ್ರು ಇದನ್ನು ಕೇಳಿ, ಕೊಟ್ಟ ದುಡ್ಡಿಗೆ ಸರಿಯಾಗಿಯೇ ಗೊಂದಲ ಕೊಟ್ಟಿದ್ದಾರೆ ಎಂದರು.

ಗುಂಡಿ ಸರಿಯಾಗಿದ್ದರೂ ಎಲ್ಲವೂ ತಿರುಗಬೇಕೆಂದಿಲ್ಲ. ಆ್ಯಪ್‌ಗಳಲ್ಲಿ ಕೆಲವು ಹಟಮಾರಿಗಳು. ಹಣ ಕಳಿಸುವ ಆ್ಯಪ್‌ಗಳು ಬಹುಪಾಲು ನೆಟ್ಟಗೇ ನಿಲ್ಲುತ್ತವೆ, ಎಷ್ಟು ಅಡ್ಡ ಹಿಡಿದರೂ ಜಗ್ಗುವುದಿಲ್ಲ. ಅದು ಕಾಯಿಲೆಯಲ್ಲ, ಅದನ್ನು ಬರೆದವರು ಹಾಗೇ ಇರಲಿ ಎಂದು ತೀರ್ಮಾನಿಸಿರುತ್ತಾರೆ. ಆ್ಯಪ್‌ಗಳ ಚಿತ್ರ ಜೋಡಿಸಿಟ್ಟ ಮೊದಲ ಪರದೆ, ಹೋಮ್ ಸ್ಕ್ರೀನ್, ಅದೂ ಸಾಮಾನ್ಯವಾಗಿ ತಿರುಗುವುದಿಲ್ಲ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಬೇಕೆಂದರೆ ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ಬೇರೆಯೇ ಒಂದು ಗುಂಡಿ ಇರುತ್ತದೆ. ಇನ್ನು ಫೋನನ್ನು ತಲೆಕೆಳಗೆ ಹಿಡಿದರಂತೂ ಬಹುಪಾಲು ಫೋನುಗಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಮುಖ ನೋಡಿ ಬೀಗ ತೆಗೆಯುವ ಐಫೋನುಗಳು ತಲೆಕೆಳಗಾಗಿ ನಿಲ್ಲಲು ಒಪ್ಪುವುದೇ ಇಲ್ಲ. ಯೋಗದ ಊರು ಎಂದು ಹೆಸರಾದ ಮೈಸೂರಿನಲ್ಲಿ ಬೆಳಿಗ್ಗೆ ಶೀರ್ಷಾಸನ ಹಾಕಿಕೊಂಡೇ ವಾಟ್ಸ್‌ಆ್ಯಪ್ ನೋಡಬೇಕೆನ್ನುವವರಿದ್ದರೆ ಅವರು ಗಮನಿಸಬೇಕು.

ಅಷ್ಟಕ್ಕೂ, ತಾನು ಅಡ್ಡವಾಗಿದ್ದೇನೆ ಎಂದು ಫೋನಿಗೆ ತಿಳಿಯುವುದು ಹೇಗೆ? ಗಾರೆ ಕೆಲಸದವರು ಗೋಡೆ ನೆಟ್ಟಗಿದೆಯೇ ಎಂದು ನೋಡಲು ದಾರಕ್ಕೆ ಕಟ್ಟಿ ಇಳಿಬಿಡುವ ತೂಗುಗುಂಡನ್ನು ನೋಡಿದ್ದೀರಲ್ಲ, ಅಂಥದ್ದೇ ಒಂದು ಪ್ರತಿ ಫೋನಿನ ಒಳಗಿದೆ. ಅದರ ಹೆಸರು ಆಕ್ಸೆಲೆರೋಮೀಟರ್. ಇಡೀ ಚಿಪ್ಪು ಎರಡು ಮೂರು ಮಿಲಿಮೀಟರ್ ಅಗಲ. ಅದರೊಳಗೆ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣದಾದ ಸಿಲಿಕಾನ್ ತುಣುಕು, ಸಿಲಿಕಾನಿನದೇ ಎಳೆಗಳ ಮೇಲೆ ತೂಗಾಡುತ್ತಿರುತ್ತದೆ. ತುಣುಕಿನ ಅಂಚಿಗೆ ಹಲ್ಲುಗಳಿವೆ, ಎದುರು ಗೋಡೆಗೂ ಹಲ್ಲುಗಳಿವೆ. ಭೂಮಿ ಎತ್ತ ಎಳೆಯುತ್ತದೋ ತುಣುಕು ಅತ್ತ ಕೂದಲೆಳೆಯಷ್ಟೂ ಅಲ್ಲದಷ್ಟು ಜರುಗಿದರೆ ಹಲ್ಲುಗಳ ನಡುವಿನ ಸಂದು ಹೆಚ್ಚುಕಡಿಮೆಯಾಗುತ್ತದೆ, ಅದರಿಂದ ಅಲ್ಲಿ ಹಿಡಿದಿಟ್ಟುಕೊಳ್ಳಬಲ್ಲ ವಿದ್ಯುತ್ತಿನ ಪ್ರಮಾಣ ಬದಲಾಗುತ್ತದೆ. ಆ ಬದಲಾವಣೆಯನ್ನು ಅಳೆದು ಫೋನು, ಓಹೋ, ಕೆಳಗೆ ಎಂದರೆ ಈ ಕಡೆ ಎಂದು ತಿಳಿದುಕೊಳ್ಳುತ್ತದೆ. ಉದ್ದ, ಅಗಲ, ದಪ್ಪ, ಮೂರು ದಿಕ್ಕಿಗೂ ಅಳತೆ ನಡೆಯುತ್ತದೆ. ನೆಟ್ಟಗೆ ನಿಲ್ಲಿಸಿದರೆ ಉದ್ದದ ದಿಕ್ಕಿನಲ್ಲಿ 9.8 ಎಂಬ ಅಂಕಿ, ನಾವು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿ ಮುಂದೇನು ಮಾಡಬೇಕೆಂದು ತಿಳಿಯದೆ ಬಿಟ್ಟಿದ್ದ ಆ ಗುರುತ್ವದ ಅಂಕಿಯೇ, ಬರುತ್ತದೆ. ಅಡ್ಡ ಹಿಡಿದರೆ ಅದು ಅಗಲದ ದಿಕ್ಕಿಗೆ ಹೋಗುತ್ತದೆ. ಅರ್ಧ ವಾಲಿದ ಕೂಡಲೇ ಪರದೆ ತಿರುಗುವುದಿಲ್ಲ. ಅರ್ಧಕ್ಕಿಂತ ಕೊಂಚ ಹೆಚ್ಚೇ ವಾಲಬೇಕು, ಒಂದು ಗಳಿಗೆ ಹಾಗೇ ಇರಬೇಕು. ಇಲ್ಲದಿದ್ದರೆ ನಡೆಯುತ್ತ ಓದುವವರ ಕೈಯಲ್ಲಿ ಅದು ಹೆಜ್ಜೆಗೊಮ್ಮೆ ತಿರುಗುತ್ತಿತ್ತು.

ಈ ಚಿಪ್ಪು ಹುಟ್ಟಿದ್ದು ನಮ್ಮ ಸಿನಿಮಾ ಚಟಕ್ಕಲ್ಲ. ಕಾರು ಎಲ್ಲಿಗಾದರೂ ಗುದ್ದಿದಾಗ ಏರ್‌ಬ್ಯಾಗ್ ಬಿಚ್ಚಿಕೊಳ್ಳಬೇಕಲ್ಲ, ಆ ಗುದ್ದನ್ನು ಕ್ಷಣದೊಳಗೆ ಗ್ರಹಿಸುವುದಕ್ಕೆ 1990ರ ದಶಕದಲ್ಲಿ ಇಂಥ ಚಿಪ್ಪುಗಳು ಕಾರಿಗೆ ಬಂದವು. ಇವನ್ನು ಕೋಟಿಗಟ್ಟಲೆ ಮಾಡುವ ಕಂಪನಿಗಳಲ್ಲಿ ಜರ್ಮನಿಯ ಬಾಷ್ ಒಂದು. ಬೆಂಗಳೂರಿನವರಿಗೆ ಬಾಷ್ ಎಂದರೆ ಆಡುಗೋಡಿಯ ಮೈಕೊ. 1951ರಲ್ಲಿ ಶುರುವಾದ ಮೈಕೊ 2008ರಲ್ಲಿ ಹೆಸರು ಬದಲಿಸಿಕೊಂಡು ಬಾಷ್ ಆಯಿತು, ಮೈಕೊ ಲೇಔಟ್ ಮಾತ್ರ ಮೈಕೊ ಲೇಔಟಾಗಿಯೇ ಉಳಿಯಿತು. ಫೋನಿನ ಚಿಪ್ಪು ತಯಾರಾಗುವುದು ಆಡುಗೋಡಿಯಲ್ಲಲ್ಲ, ಜರ್ಮನಿಯ ರಾಯ್ಟ್‌ಲಿಂಗೆನ್ ಎಂಬ ಊರಿನಲ್ಲಿ. ಆದರೂ ಮೈಕೊದಲ್ಲಿ ಸ್ಪಾರ್ಕ್ ಪ್ಲಗ್ ಮಾಡಿ ನಿವೃತ್ತರಾದ ನನ್ನ ಭಾವನವರು, ಯಾರ ಫೋನು ತಿರುಗಿದರೂ ಅದರಲ್ಲಿ ತಮ್ಮದೂ ಒಂದು ಪಾಲಿದೆ ಎಂಬಂತೆ ನೋಡುತ್ತಾರೆ.

ಅದೇ ತುಣುಕು ನಮ್ಮ ಹೆಜ್ಜೆಗಳನ್ನೂ ಎಣಿಸುತ್ತದೆ. ಭೂಕಂಪವನ್ನೂ ಗುರುತಿಸುತ್ತದೆ: ಮೇಜಿನ ಮೇಲೆ ಅಲುಗದೆ ಬಿದ್ದಿರುವ ಬಹಳಷ್ಟು ಆಂಡ್ರಾಯ್ಡ್ ಫೋನುಗಳು ಒಂದೇ ಹೊತ್ತಿಗೆ ನಡುಗಿದರೆ ಎಚ್ಚರಿಕೆ ಕೊಡುವ ಗೂಗಲ್‌ನ ವ್ಯವಸ್ಥೆ 2023ರ ಸೆಪ್ಟೆಂಬರ್‌ನಿಂದ ಭಾರತದಲ್ಲೂ ಇದೆ. ಇಷ್ಟೆಲ್ಲ ಮಾಡುವ ಚಿಪ್ಪಿಗೆ ನಮ್ಮ ಮುಖ ಎಲ್ಲಿದೆ ಎಂಬುದು ಮಾತ್ರ ತಿಳಿಯದು. ನನ್ನ ಪ್ರಕಾರ ಜಗಳವೆಲ್ಲ ಹುಟ್ಟುವುದು ಇಲ್ಲಿ. ಫೋನಿಗೆ ಭೂಮಿ ಗೊತ್ತು, ನಾವು ಗೊತ್ತಿಲ್ಲ. ಕೂತವನು ಫೋನನ್ನು ಅಡ್ಡ ಹಿಡಿದದ್ದೂ ಒಂದೇ, ಮಗ್ಗುಲಾಗಿ ಮಲಗಿದವನು ಫೋನನ್ನು ತನ್ನ ಮುಖಕ್ಕೆ ನೇರವಾಗಿ ಹಿಡಿದದ್ದೂ ಒಂದೇ. ಮೊದಲನೆಯವನಿಗೆ ತಿರುಗಬೇಕು, ಎರಡನೆಯವನಿಗೆ ತಿರುಗಬಾರದು. ಚಿಪ್ಪಿಗೆ ಎರಡೂ ಕಡೆ ಬರುವ ಅಂಕಿ ಅದೇ. ಅದು ಮಾಡುವುದಾದರೂ ಏನು?

ಮಲಗುವುದನ್ನು ಮರ್ಯಾದೆಯ ಭಂಗಿ ಎಂದು ಒಪ್ಪಿಕೊಂಡ ನಾಡು ನಮ್ಮದು. ಕಾವೇರಿಯ ದ್ವೀಪಗಳಲ್ಲಿ ಶ್ರೀರಂಗಪಟ್ಟಣದ ಆದಿರಂಗ, ಶಿವನಸಮುದ್ರದ ಮಧ್ಯರಂಗ, ತಮಿಳುನಾಡಿನ ಶ್ರೀರಂಗದ ಅಂತ್ಯರಂಗ, ಮೂವರೂ ಶೇಷನ ಮೇಲೆ ಮಲಗಿದವರೇ. ಶಂಖ ಚಕ್ರಗಳ ಜೊತೆ ಫೋನೂ ಇದ್ದಿದ್ದರೆ ಮೂವರಿಗೂ ಆಟೋ ರೊಟೇಟ್ ಆರಿಸಿಯೇ ಕೊಡಬೇಕಾಗುತ್ತಿತ್ತು. ಇನ್ನು ಭೂಮಿಯ ಎಳೆತವೇ ಅನುಭವಕ್ಕೆ ಬಾರದ ಕಡೆ ಹೋದರೆ ಗುಂಡಿ ಇದ್ದೂ ಪ್ರಯೋಜನವಿಲ್ಲ. 2025ರ ಮಳೆಗಾಲದಲ್ಲಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದರಲ್ಲ, ಅಲ್ಲಿ ಎಲ್ಲವೂ ಸದಾ ಬೀಳುತ್ತಲೇ ಇರುವುದರಿಂದ ಚಿಪ್ಪಿನ ಅಳತೆ ಮೂರು ದಿಕ್ಕಿಗೂ ಹೆಚ್ಚುಕಡಿಮೆ ಸೊನ್ನೆ. ಮೇಲು ಕೆಳಗು ಎಂಬುದೇ ಇಲ್ಲದ ಕಡೆ ಟ್ಯಾಬ್ಲೆಟ್ಟು ಯಾವ ಕಡೆಗೆ ತಿರುಗಬೇಕು? ಅಲ್ಲಿ ಮನುಷ್ಯನೇ ತಿರುಗಿಕೊಳ್ಳಬಹುದು, ಅಷ್ಟು ಅನುಕೂಲ.

ಮಲಗಿದವರ ಕೂಗು ಕೊನೆಗೂ ಮೇಲಿನವರಿಗೆ ತಲುಪಿತು. 2021ರಲ್ಲಿ ಬಂದ ಆಂಡ್ರಾಯ್ಡ್ 12ರಲ್ಲಿ ಗೂಗಲ್ ತನ್ನ ಪಿಕ್ಸೆಲ್ ಫೋನುಗಳಿಗೆ ಹೊಸ ಉಪಾಯ ಹಾಕಿತು: ತಿರುಗುವ ಮೊದಲು ಮುಂದಿನ ಕ್ಯಾಮೆರಾದಿಂದ ಒಮ್ಮೆ ಮುಖ ನೋಡುವುದು. ಮುಖವೂ ಜೊತೆಗೆ ಅಡ್ಡವಾಗಿದ್ದರೆ ಸುಮ್ಮನಿರುವುದು. ಚಿತ್ರವನ್ನು ಎಲ್ಲೂ ಉಳಿಸಿಕೊಳ್ಳುವುದಿಲ್ಲ, ಎಲ್ಲ ಲೆಕ್ಕ ಫೋನಿನೊಳಗೇ ಎನ್ನುತ್ತಾರೆ. ನನ್ನ ಹೆಂಡತಿಗೆ ಇದನ್ನು ವಿವರಿಸಿದಾಗ, "ನಾನು ಮಲಗಿದ್ದೀನೋ ಕೂತಿದ್ದೀನೋ ಅಂತ ಅದು ಬಗ್ಗಿ ನೋಡೋದು ಬೇಡ" ಎಂದಳು. ಆಪಲ್‌ನವರ ಕಥೆ ಬೇರೆ. 2010ರ ಮೊದಲ ಐಪ್ಯಾಡಿನ ಪಕ್ಕದಲ್ಲಿ ತಿರುಗುವಿಕೆಗೆ ಬೀಗ ಹಾಕಲೆಂದೇ ಒಂದು ಚಿಕ್ಕ ಸ್ವಿಚ್ಚಿತ್ತು. ಬೆರಳಿಗೆ ಸಿಗುವ, ಕತ್ತಲಲ್ಲೂ ಒತ್ತಬಹುದಾದ ನಿಜವಾದ ಸ್ವಿಚ್ಚು. ಅದೇ ವರ್ಷ ನವೆಂಬರಿನಲ್ಲಿ ಹೊಸ ಸಾಫ್ಟ್‌ವೇರ್ ಬಂದು ಅದನ್ನು ಸದ್ದಡಗಿಸುವ ಸ್ವಿಚ್ಚಾಗಿ ಮಾಡಿತು. ಮಲಗಿ ಓದುವವರು ಗಲಾಟೆ ಮಾಡಿದರು. ಮುಂದಿನ ಮಾರ್ಚಿನಲ್ಲಿ, ಆಯಿತು, ಯಾವುದು ಬೇಕೋ ನೀವೇ ಆರಿಸಿಕೊಳ್ಳಿ ಎಂದರು. 2014ರ ಐಪ್ಯಾಡ್ ಏರ್ 2ರಲ್ಲಿ ಸ್ವಿಚ್ಚನ್ನೇ ಕಿತ್ತುಹಾಕಿದರು. ಕೂಡುಕುಟುಂಬದಲ್ಲಿ ಜಗಳದ ವಸ್ತುವನ್ನು ಯಾರಿಗೂ ಕೊಡದೆ ಮಾರಿಬಿಡುವ ಯಜಮಾನರನ್ನು ನೋಡಿದವರಿಗೆ ಇದು ಹೊಸದಲ್ಲ.

ಅಡ್ಡ ಹೆಚ್ಚೋ ಉದ್ದ ಹೆಚ್ಚೋ ಎಂಬ ವಾದ ಫೋನಿಗಿಂತ ಬಹಳ ಹಳೆಯದು. ನಮ್ಮ ಹಿರಿಯರು ಬರೆದದ್ದು ಬಹುಪಾಲು ಅಡ್ಡವೇ. ತಾಳೆಗರಿ ಬೆಳೆಯುವುದೇ ಹಾಗೆ. ಒಂದು ಗೇಣು ಎರಡು ಗೇಣು ಉದ್ದ, ಎರಡು ಮೂರು ಬೆರಳಗಲ. ಮೂಡಬಿದಿರೆಯಲ್ಲಿ ಕಾಪಾಡಿಕೊಂಡು ಬಂದ ಧವಲಾ ಗ್ರಂಥಗಳು ಅಡ್ಡ. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದು, ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು, 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದ ಓಲೆಗರಿಗಳೂ ಅಡ್ಡ. ಅಚ್ಚಾದ ಪುಸ್ತಕ ಮಾತ್ರ ಉದ್ದ. ನಡುವೆ ಕಡತ ಎಂಬುದೊಂದಿತ್ತು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದಲ್ಲಿ ಅಂಥವು ರಾಶಿ ಇವೆ. ಮಡಿಕೆ ಬಿಚ್ಚುತ್ತ ಹೋದಷ್ಟೂ ಲೆಕ್ಕ ಮುಂದುವರಿಯುತ್ತಿತ್ತು. ಈ ಯಾವುದನ್ನೂ ಮಲಗಿಕೊಂಡು ಓದಿದರೆ ಅಕ್ಷರ ತಾನಾಗಿ ಎದ್ದು ನಿಲ್ಲುತ್ತಿರಲಿಲ್ಲ ಎಂಬುದಷ್ಟೇ ನನ್ನ ವಾದ.

ಸಿನಿಮಾದವರು ಅಡ್ಡದ ಕಡೆಗೆ ಎಳೆದರು. ಟಿವಿ ಬಂದು ಜನ ಮನೆಯಲ್ಲೇ ಕೂರತೊಡಗಿದಾಗ, 1953ರಲ್ಲಿ ಹಾಲಿವುಡ್ಡಿನವರು ಸಿನಿಮಾಸ್ಕೋಪ್ ತಂದು ಪರದೆಯನ್ನು ಗೋಡೆಯಿಂದ ಗೋಡೆಗೆ ಹಿಗ್ಗಿಸಿದರು. ಕನ್ನಡಕ್ಕೆ ಅದು 1977ರಲ್ಲಿ 'ಸೊಸೆ ತಂದ ಸೌಭಾಗ್ಯ'ದೊಂದಿಗೆ ಬಂತು. ಅಡ್ಡ ಪರದೆಗೆಂದು ಅಷ್ಟು ಖರ್ಚು ಮಾಡಿದ ಮನುಷ್ಯಜಾತಿ ಈಗ ರೀಲ್ಸ್ ಎಂಬ ಹೆಸರಿನಲ್ಲಿ ಎಲ್ಲವನ್ನೂ ಉದ್ದಕ್ಕೆ ತೆಗೆಯುತ್ತಿದೆ. ಜೋಗದ ರಾಜ, ರೋರರ್, ರಾಕೆಟ್, ರಾಣಿ ನಾಲ್ಕೂ ಕವಲನ್ನು ಉದ್ದ ಚೌಕಟ್ಟಿನೊಳಗೆ ತುರುಕಲು ಹೋಗಿ ಒಂದೂವರೆ ಕವಲು ತೆಗೆದುಕೊಂಡು ಬರುವ ಹುಡುಗರನ್ನು ನೋಡಿದ್ದೇನೆ. ಕೇಳಿದರೆ, "ಅಡ್ಡ ತೆಗೆದ್ರೆ ಯಾರು ಅಂಕಲ್ ಫೋನ್ ತಿರುಗಿಸಿ ನೋಡ್ತಾರೆ?" ಎನ್ನುತ್ತಾರೆ. ತಿರುಗಿಸುವ ಅರ್ಧ ಕ್ಷಣದ ಸೋಮಾರಿತನಕ್ಕೆ ಎರಡೂವರೆ ಜಲಪಾತ ಬಲಿ.

ದಾರಿ ತಪ್ಪಿದೆ, ರಿಪೇರಿಗೆ ಬರೋಣ. ಗುಂಡಿ ಹೊತ್ತಿದ್ದೂ, ಯೂಟ್ಯೂಬಿನಂಥ ತಿರುಗಲೊಪ್ಪುವ ಆ್ಯಪ್ಪೇ ಎದುರಿದ್ದೂ ಪರದೆ ಅಲುಗದಿದ್ದರೆ ಜನ ನಾನಾ ಮದ್ದು ಮಾಡುತ್ತಾರೆ. ಅಂಗೈಗೆ ಬಡಿಯುವುದು ಒಂದು. ರೇಡಿಯೋ ಕಾಲದಿಂದ ಬಂದ ಚಿಕಿತ್ಸೆ. ರೇಡಿಯೋಗಾದರೂ ಸಡಿಲವಾದ ತಂತಿ ಇತ್ತು. ಇನ್ನೊಂದು, ಫೋನನ್ನು ಗಾಳಿಯಲ್ಲಿ ಎಂಟರ ಆಕಾರದಲ್ಲಿ ಬೀಸುವುದು. ನಮ್ಮ ಪಾರ್ಕಿನಲ್ಲಿ ಒಬ್ಬರು ಹೀಗೆ ಬೀಸುತ್ತಿದ್ದಾಗ ವಾಕಿಂಗ್ ಬಂದ ಇಬ್ಬರು ಅದೂ ಒಂದು ವ್ಯಾಯಾಮವೆಂದು ತಾವೂ ಬೀಸಿದರು. ಎಂಟು ಬರೆಯುವುದು ಫೋನಿನೊಳಗಿನ ದಿಕ್ಸೂಚಿಗೆ ಹೇಳಿದ ಮದ್ದು, ಮ್ಯಾಪಿನಲ್ಲಿ ಬಾಣ ತಪ್ಪು ದಿಕ್ಕಿಗೆ ನೋಡಿದಾಗ ಮಾಡಬೇಕಾದದ್ದು. ಪರದೆ ತಿರುಗುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಆಯಸ್ಕಾಂತವಿರುವ ಕವರ್ ಹಾಕಿದ್ದೇ ತಪ್ಪು ಎಂಬ ಮಾತೂ ಹಾಗೆಯೇ. ಆಯಸ್ಕಾಂತ ದಿಕ್ಸೂಚಿಯ ತಲೆ ಕೆಡಿಸೀತು, ನಮ್ಮ ತೂಗುಗುಂಡಿಗೆ ಅದರ ಹಂಗಿಲ್ಲ.

ನಿಜವಾಗಿ ಕೆಲಸ ಮಾಡುವ ಮದ್ದುಗಳು ಬಹಳ ಸಪ್ಪೆ. ಆಫ್ ಮಾಡಿ ಆನ್ ಮಾಡುವುದು ಮೊದಲನೆಯದು, ಅರ್ಧಕ್ಕರ್ಧ ಕೇಸು ಅಲ್ಲಿಗೇ ಮುಗಿಯುತ್ತದೆ. ಆಮೇಲೆ, ಇತ್ತೀಚೆಗೆ ಯಾವ ಆ್ಯಪ್ ಹಾಕಿಕೊಂಡಿರಿ ಎಂದು ಕೇಳಬೇಕು. ಪರದೆಯನ್ನು ತನ್ನಿಷ್ಟದಂತೆ ಹಿಡಿದಿಡುವ ಆ್ಯಪ್‌ಗಳಿವೆ. ಅನುಮಾನವಿದ್ದರೆ ಸೇಫ್ ಮೋಡ್‌ನಲ್ಲಿ ತೆರೆದು ನೋಡಬಹುದು, ಅಲ್ಲಿ ನಾವು ಹಾಕಿಕೊಂಡ ಆ್ಯಪ್‌ಗಳೆಲ್ಲ ಮಲಗಿರುತ್ತವೆ. ಅಲ್ಲಿ ತಿರುಗಿದರೆ ತಪ್ಪು ಯಾವುದೋ ಆ್ಯಪಿನದು. ಮೇಷ್ಟ್ರ ಹಳೆಯ ಆಂಡ್ರಾಯ್ಡ್ ಫೋನನ್ನು ಈಗ ಬಳಸುವ ಅವರ ಅಳಿಯನದೊಂದು ಅಪರೂಪದ ಕೇಸು. ಪರದೆ ತಿರುಗದು, ಹೆಜ್ಜೆ ಎಣಿಸದು, ಕ್ಯಾಮೆರಾ ಕೂಡ ತೆರೆಯದು. ಅಂಗಡಿಯವನು ಬೋರ್ಡ್ ಹೋಗಿದೆ ಎಂದು ದೊಡ್ಡ ಮೊತ್ತ ಹೇಳಿದ್ದನಂತೆ. ನೋಡಿದರೆ ಡೆವಲಪರ್ ಆಪ್ಷನ್ಸ್ ಎಂಬ, ಸಾಮಾನ್ಯರು ಹೋಗಬಾರದ ಕೋಣೆಗೆ ಯಾರೋ ಹೋಗಿ, ಸೆನ್ಸರ್ಸ್ ಆಫ್ ಎಂಬ ಗುಂಡಿಯನ್ನು ಮೇಲಿನ ಸಾಲಿಗೆ ತಂದಿಟ್ಟಿದ್ದರು. ಅದನ್ನು ಒತ್ತಿದರೆ ಕ್ಯಾಮೆರಾ, ಮೈಕು, ತೂಗುಗುಂಡು ಎಲ್ಲವೂ ಒಟ್ಟಿಗೆ ಕಣ್ಣು ಮುಚ್ಚುತ್ತವೆ. ಇನ್ನೊಮ್ಮೆ ಒತ್ತಿದೆ, ಕಣ್ಣು ತೆರೆದವು. ಅಳಿಯಂದಿರು ಬೋರ್ಡಿನ ದುಡ್ಡು ಉಳಿಯಿತೆಂದು ಮೈಸೂರುಪಾಕು ತಂದರು.

ಇಷ್ಟಕ್ಕೂ ಬಗ್ಗದಿದ್ದರೆ ಚಿಪ್ಪೇ ಹೋಗಿದೆಯೇ ಎಂದು ನೋಡಬೇಕು. ಸ್ಯಾಮ್‌ಸಂಗ್ ಫೋನುಗಳಲ್ಲಿ ನಂಬರ್ ಒತ್ತುವ ಕಡೆ ಸ್ಟಾರ್, ಹ್ಯಾಶ್, ಸೊನ್ನೆ, ಸ್ಟಾರ್, ಹ್ಯಾಶ್ ಎಂದು ಒತ್ತಿದರೆ ಬಹುಮಟ್ಟಿಗೆ ಒಂದು ಪರೀಕ್ಷೆಯ ಪಟ್ಟಿ ತೆರೆದುಕೊಳ್ಳುತ್ತದೆ. ಅದರಲ್ಲಿ ಸೆನ್ಸರ್ ಎಂಬುದನ್ನು ಒತ್ತಿ ಫೋನನ್ನು ವಾಲಿಸಿದರೆ ಅಂಕಿಗಳು ಓಡಬೇಕು. ಬೇರೆ ಫೋನಿನವರಿಗೆ ಇದೇ ಕೆಲಸ ಮಾಡುವ ಪುಕ್ಕಟೆ ಆ್ಯಪ್‌ಗಳಿವೆ. ಅಂಕಿ ಓಡುತ್ತಿದ್ದರೆ ಚಿಪ್ಪು ಬದುಕಿದೆ, ತೊಂದರೆ ಸಾಫ್ಟ್‌ವೇರಿನದು. ಎಷ್ಟು ವಾಲಿಸಿದರೂ ಅಂಕಿ ಅಲುಗದಿದ್ದರೆ ಮಾತ್ರ ಸರ್ವಿಸ್ ಸೆಂಟರಿನ ದಾರಿ. ಆಗಲೂ ಗಾಬರಿ ಬೇಡ. 2018ರ ಆಂಡ್ರಾಯ್ಡ್ 9ರಿಂದ ಈಚೆಗೆ, ಆಟೋ ರೊಟೇಟ್ ಆರಿಸಿಟ್ಟರೂ ಫೋನನ್ನು ಅಡ್ಡ ಮಾಡಿದಾಗ ಮೂಲೆಯಲ್ಲಿ ಒಂದು ಚಿಕ್ಕ ಚಿತ್ರ ಮೂಡಿ, ತಿರುಗಿಸಲೇ ಎಂದು ಕೇಳುತ್ತದೆ. ಮುಟ್ಟಿದರೆ ತಿರುಗುತ್ತದೆ, ಮುಟ್ಟದಿದ್ದರೆ ಇಲ್ಲ. ಸತ್ತ ಚಿಪ್ಪಿನವರಿಗೆ ಇದು ಒದಗದು, ಆದರೆ ವಿಡಿಯೊದ ಮೂಲೆಯಲ್ಲಿರುವ ದೊಡ್ಡದು ಮಾಡುವ ಚೌಕವನ್ನು ಒತ್ತಿದರೆ ಅವರ ಭೀಮನೂ ದೊಡ್ಡವನಾಗುತ್ತಾನೆ. ಒಂದು ಯಕ್ಷಗಾನಕ್ಕೆ ಅಷ್ಟು ಸಾಕು.

ನನ್ನ ಮತವನ್ನು ಈಗ ಹೇಳಿಬಿಡಬಹುದು. ನಾನು ಬೀಗದ ಪಂಗಡದವನು. ಗುಂಡಿ ಆರಿಸಿಯೇ ಇಟ್ಟು, ಬೇಕಾದಾಗ ಆ ಮೂಲೆಯ ಚಿತ್ರವನ್ನು ಮುಟ್ಟಿ ತಿರುಗಿಸಿಕೊಳ್ಳುತ್ತೇನೆ. ಕೇಳಿ ಮಾಡುವ ಯಂತ್ರ ನನಗೆ ಹಿಡಿಸುತ್ತದೆ. ಹೆಂಡತಿ ತಾನಾಗಿ ತಿರುಗುವುದೇ ಇರಲಿ ಎನ್ನುತ್ತಾಳೆ, ಮನೆಯಲ್ಲಿ ಹೇಳಿಸಿಕೊಳ್ಳದೆ ಕೆಲಸ ಮಾಡುವುದು ಅದೊಂದಾದರೂ ಇರಲಿ ಎಂಬುದು ಅವಳ ವಾದ.

ಆದರೆ ಕ್ಯಾಮೆರಾದ ವಿಷಯದಲ್ಲಿ ಯಾವ ಪಂಗಡಕ್ಕೂ ರಕ್ಷಣೆಯಿಲ್ಲ. ಫೋನನ್ನು ಮೇಜಿನ ಮೇಲೆ ಅಂಗಾತ ಮಲಗಿಸಿದರೆ ಭೂಮಿಯ ಎಳೆತವೆಲ್ಲ ಅದರ ದಪ್ಪದ ದಿಕ್ಕಿಗೆ ಹೋಗುತ್ತದೆ. ಉದ್ದಕ್ಕೂ ಸೊನ್ನೆ, ಅಗಲಕ್ಕೂ ಸೊನ್ನೆ. ಆಗ ಅಡ್ಡವೋ ಉದ್ದವೋ ತಿಳಿಯದೆ ಅದು ಹಿಂದೆ ಹೇಗಿತ್ತೋ ಹಾಗೇ ಇದ್ದುಬಿಡುತ್ತದೆ. ಅಂಗಳದ ರಂಗೋಲಿಯನ್ನು ಮೇಲಿನಿಂದ ತೆಗೆಯುವವರಿಗೆ, ಬಾಣಲೆಯ ಮೇಲೆ ಫೋನು ಹಿಡಿದು ಕಜ್ಜಾಯದ ವಿಡಿಯೊ ಮಾಡುವವರಿಗೆ, ಆಧಾರ್ ಕಾರ್ಡನ್ನು ಮೇಜಿನ ಮೇಲಿಟ್ಟು ಫೋಟೊ ಹೊಡೆಯುವವರಿಗೆ ಚಿತ್ರ ಒಮ್ಮೊಮ್ಮೆ ಅಡ್ಡಡ್ಡ ಬರುವುದು ಇದರಿಂದ. ಫೋನನ್ನು ಮೊದಲು ನೆಟ್ಟಗೆ ಹಿಡಿದು, ಪರದೆಯ ಮೇಲಿನ ಚಿತ್ರಗಳು ಸರಿಯಾಗಿ ನಿಂತ ಮೇಲೆ ನಿಧಾನವಾಗಿ ಬಗ್ಗಿಸಿದರೆ ತಪ್ಪುವುದಿಲ್ಲ. ಫೋಟೊದಲ್ಲಿ ಇನ್ನೊಂದು ತೊಡಕಿದೆ. ಕ್ಯಾಮೆರಾ ಚಿತ್ರವನ್ನು ತನಗೆ ಕಂಡ ಹಾಗೆ ಇಟ್ಟುಕೊಂಡು, ಇದನ್ನು ಇಷ್ಟು ತಿರುಗಿಸಿ ತೋರಿಸತಕ್ಕದ್ದು ಎಂದು 1ರಿಂದ 8ರವರೆಗಿನ ಒಂದು ಅಂಕಿಯ ಚೀಟಿ ಅಂಟಿಸಿರುತ್ತದೆ. ಚೀಟಿ ಓದದ ಕಂಪ್ಯೂಟರಿಗೆ ಅದು ಹೋದರೆ ನೆಟ್ಟಗಿದ್ದವರು ಮಲಗಿಬಿಡುತ್ತಾರೆ. ಕಳಿಸುವ ಮೊದಲು ಫೋನಿನಲ್ಲೇ ಅಂಚನ್ನು ಒಂಚೂರು ಕತ್ತರಿಸಿ ಹೊಸದಾಗಿ ಸೇವ್ ಮಾಡಿದರೆ ಸಾಮಾನ್ಯವಾಗಿ ಚಿತ್ರವೇ ನೆಟ್ಟಗಾಗುತ್ತದೆ.

ವಿಡಿಯೊದ ನಿಯಮ ಇನ್ನೂ ಕಟ್ಟುನಿಟ್ಟು. ಕೆಂಪು ಗುಂಡಿ ಒತ್ತಿದ ಕ್ಷಣದಲ್ಲಿ ಫೋನು ಹೇಗಿತ್ತೋ ಇಡೀ ವಿಡಿಯೊ ಅದೇ ಲೆಕ್ಕ. ನಡುವೆ ಫೋನನ್ನು ತಿರುಗಿಸಿದರೆ ಲೆಕ್ಕ ತಿರುಗುವುದಿಲ್ಲ, ಪ್ರಪಂಚ ತಿರುಗುತ್ತದೆ. ನಮ್ಮ ತಂಗಿಯ ಮಗನ ಮದುವೆಯಲ್ಲಿ ಹುಡುಗಿಯ ಕಡೆಯವರೊಬ್ಬರು ಗಟ್ಟಿಮೇಳದ ಹೊತ್ತಿಗೆ ಉದ್ದಕ್ಕೆ ಹಿಡಿದು ಶುರು ಮಾಡಿ, ಓಲಗದವರೂ ಬರಲಿ ಎಂದು ನಡುವೆ ಅಡ್ಡ ತಿರುಗಿಸಿದರು. ವಿಡಿಯೊದಲ್ಲಿ ಹುಡುಗ ನೆಟ್ಟಗೆ ಬಂದು ಕೂತು, ಮಾಂಗಲ್ಯ ಕೈಗೆ ತೆಗೆದುಕೊಂಡ ಮೇಲೆ ಇಡೀ ಮಂಟಪ ಸಮೇತ ಗೋಡೆ ಹತ್ತಿ ತಾಳಿ ಕಟ್ಟುತ್ತಾನೆ, ಅಕ್ಷತೆ ಎಡದಿಂದ ಬಲಕ್ಕೆ ಬೀಳುತ್ತದೆ. ಗ್ಯಾಲರಿಯಲ್ಲಿ ಎಡಿಟ್ ಒತ್ತಿ ವಿಡಿಯೊವನ್ನೇ ತಿರುಗಿಸಬಹುದು, ಹಾಗೆ ತಿರುಗಿಸಿದೆವು. ತಾಳಿ ಕಟ್ಟುವುದು ನೆಟ್ಟಗಾಯಿತು, ಅದಕ್ಕೆ ಮೊದಲಿನ ಧಾರೆಯೆಲ್ಲ ಗೋಡೆ ಹತ್ತಿತು. ಕೊನೆಗೆ ಎರಡು ತುಂಡು ಮಾಡಿ ಬೇರೆ ಬೇರೆ ತಿರುಗಿಸಿ ಇಟ್ಟುಕೊಂಡಿದ್ದಾರೆ.

ಆದ್ದರಿಂದ ಮುಂದಿನ ಲಗ್ನಗಳಿಗೆ ಫೋನು ಹಿಡಿದು ಮಂಟಪದ ಮುಂದೆ ನಿಲ್ಲಲಿರುವ ಸಮಸ್ತ ಭಾವಮೈದುನರಲ್ಲಿ, ಚಿಕ್ಕಪ್ಪಂದಿರಲ್ಲಿ ಒಂದು ಪ್ರಾರ್ಥನೆ. ಅಡ್ಡ ತೆಗೆಯುವುದಾದರೆ ಮೊದಲೇ ಅಡ್ಡ ಹಿಡಿಯಿರಿ, ಪರದೆಯ ಮೇಲಿನ ಪುಟ್ಟ ಚಿತ್ರಗಳು ನ್ಯಾಯವಾಗಿ ತಿರುಗಿಕೊಂಡವೇ ನೋಡಿ, ಆಮೇಲೆ ಕೆಂಪು ಗುಂಡಿ ಒತ್ತಿ. ಒತ್ತಿದ ಮೇಲೆ, ಓಲಗದವರು ಎಷ್ಟೇ ಚೆನ್ನಾಗಿ ಊದಲಿ, ಗಂಟು ಮೂರೂ ಮುಗಿಯುವ ತನಕ ದಯವಿಟ್ಟು ಕೈ ತಿರುಗಿಸಬೇಡಿ.